ಒಂದೇ ವಿಳಾಸದ ಅಕ್ಕತಂಗಿ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಪುಟ್ಟಿ,

ನೀನು, ಯಜಮಾನರು, ಮಗು ಎಲ್ಲರೂ ಸೌಖ್ಯವೇ? ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ನಿನ್ನ ಮೇಲೆ ಹೊಟ್ಟೆ ಉರಿಯುತ್ತಿತ್ತು, ತಣ್ಣಗಾಗಲಿ ಎಂದು ಕಾದೆ. ಆಗಲಿಲ್ಲ. ಉರಿಯುವಾಗಲೇ ಬರೆಯುತ್ತಿದ್ದೇನೆ.

ನಮ್ಮ ಗ್ರಂಥಾಲಯ ನಿನಗೆ ಗೊತ್ತೇ ಇದೆ: ಎರಡು ಕೋಣೆ, ಸೋರುವ ನಲ್ಲಿ, ನಾನು, ಮತ್ತು ಕುರ್ಚಿ ಬಿಟ್ಟೇಳದ ಮೇಲಧಿಕಾರಿ. ಒಂದೊಂದು ಹಳೆಯ ಫೋಟೊಗೂ ನಾನು ಅರ್ಧ ಪುಟ ವಿವರ ಬರೆಯುತ್ತೇನೆ. ಪ್ರತಿ ಗುರುವಾರ ನಿಮ್ಮ ದೊಡ್ಡ ಗ್ರಂಥಾಲಯದ ಕಂಪ್ಯೂಟರು ನಮ್ಮದರ ಬಾಗಿಲು ತಟ್ಟಿ, 'ಹೋದ ವಾರದಿಂದ ಹೊಸದೇನಿದೆ?' ಎಂದು ಕೇಳಿ, ಹೊಸ ದಾಖಲೆಗಳನ್ನು ಬೆಳೆಯಂತೆ ಕೊಯ್ದುಕೊಂಡು ಹೋಗುತ್ತದೆ. ಒಯ್ಯುವುದು ಹೆಸರು, ತಾರೀಕು, ಇನ್ನೊಂದೆರಡು ಸಾಲು. ನನ್ನ ಅರ್ಧ ಪುಟ ಇಲ್ಲೇ ಬಿದ್ದಿರುತ್ತದೆ. ನೀನು ಆ ಒಣ ಸಾಲುಗಳನ್ನೇ ಹಿಡಿದು, ಅದರಲ್ಲಿರುವ ಪ್ರತಿಯೊಬ್ಬರಿಗೂ ಅಂತರ್ಜಾಲದಲ್ಲೊಂದು ಪುಟ, ಅದಕ್ಕೊಂದು ವಿಳಾಸ ಕೊಟ್ಟು, ಇವನು ಅವಳ ಗಂಡ, ಅವಳು ಈ ಪುಸ್ತಕ ಬರೆದವಳು ಎಂದು ಒಂದಕ್ಕೊಂದು ಕೊಂಡಿ ಹಾಕಿದೆ. ಊರೆಲ್ಲ ಹೊಗಳಿತು. ನಮ್ಮ ಮೇಲಧಿಕಾರಿ ಮೊದಲ ಸಲ ಎದ್ದು ನನ್ನ ಮೇಜಿನವರೆಗೂ ಬಂದರು. "ಏನಮ್ಮಾ, ಅವರು ನಿನ್ನ ಸ್ವಂತ ತಂಗೀನಾ? ನಂಬೋಕೇ ಆಗಲ್ಲ ಕಣಮ್ಮ!"

ಅವತ್ತೇ ಆ ಕೆಲಸ ಮಾಡಿದೆ. ನಮ್ಮ ದಾಖಲೆಯಲ್ಲಿ ನನ್ನ ವಿಳಾಸ, ನಿನ್ನ ವಿಳಾಸ ಎರಡನ್ನೂ ಬರೆದು, 'ಇಬ್ಬರೂ ಒಬ್ಬರೇ ವ್ಯಕ್ತಿ' ಎಂಬ ಕೊಂಡಿ ಹಾಕಿದೆ. ಕೊಂಡಿಗಳನ್ನೂ ತಾ ಎಂದು ನಿಮ್ಮ ಕಂಪ್ಯೂಟರಿಗೆ ಈಚೆಗೆ ನೀನೇ ಕಲಿಸಿದ್ದೆಯಲ್ಲ, ಗುರುವಾರ ಬಂದು ನಿಷ್ಠೆಯಿಂದ ಒಯ್ದಿತು. ನಿಮ್ಮಿಂದ ಇನ್ನೂ ಹನ್ನೆರಡು ಗ್ರಂಥಾಲಯಗಳು ಕೊಯ್ದುಕೊಂಡವು. ವಾರದೊಳಗೆ ಯಾರೋ ಪ್ರೊಫೆಸರ್ ನಾನೇ ನೀನೆಂದುಕೊಂಡು ನನ್ನ ನಂಬರಿಗೆ ಫೋನ್ ಮಾಡಿ, "ಮೇಡಂ, ನಿಮ್ಮ ಭಾಷಣ ಕೇಳಿ ನಾವೆಲ್ಲ ಬೆರಗಾಗಿಬಿಟ್ವಿ" ಎಂದರು. "ಹೌದಾ? ತುಂಬಾ ಸಂತೋಷ" ಎಂದುಬಿಟ್ಟೆ ಕಣೇ!

ಫೋನ್ ಇಟ್ಟ ಕೂಡಲೇ ಆ ಸಾಲನ್ನು ಅಳಿಸಿದೆ. ಆದರೆ ನಮ್ಮ ಮುದಿ ಕಂಪ್ಯೂಟರು ಹೊಸದಾಗಿ ಬಂದದ್ದನ್ನು ನಿಮ್ಮದಕ್ಕೆ ಹೇಳುತ್ತದೆ, ಅಳಿಸಿಹೋದದ್ದನ್ನು ಹೇಳುವುದಿಲ್ಲ. ನಾಲ್ಕು ಗುರುವಾರ ಕಳೆದರೂ ನಿಮ್ಮಲ್ಲಿ ನಾನು ನೀನಾಗಿಯೇ ಇದ್ದೇನೆ. ಮುಂದಿನ ತಿಂಗಳು ನಿನ್ನ ಬಡ್ತಿಗೆ ಜಾಲದಲ್ಲಿರುವ ನಿನ್ನ ಪುಟವನ್ನೇ ನೋಡುತ್ತಾರಂತೆ. ನಿನ್ನ ದುಡಿಮೆಯೆಲ್ಲ ಇಬ್ಬರ ಪಾಲಾಗಿ ಕಂಡರೆ ಏನು ಗತಿ? ಆ ಕೊಂಡಿಯನ್ನು ಕತ್ತರಿಸಿ ಹಾಕು. ಯಾರು ಮಾಡಿದ್ದು ಎಂದು ಕೇಳಿದರೆ ನನ್ನನ್ನೇ ತೋರಿಸು, ಮುಚ್ಚಿಡಬೇಡ.

ಬೈಯಬೇಕೆನಿಸಿದರೆ ಬಾಯಿತುಂಬ ಬೈ. ನೀನು ಕೈಯಿಟ್ಟ ಕೆಲಸವೆಲ್ಲ ನೆಟ್ಟಗಾಗಲಿ, ಮಗಳು ನಿನ್ನಷ್ಟೇ ಜಾಣೆಯಾಗಲಿ. ಹೊಟ್ಟೆಕಿಚ್ಚಿದ್ದರೂ ಇದನ್ನು ಮನಸಾರೆ ಬರೆದಿದ್ದೇನೆ.

ನಿನ್ನ ಅಕ್ಕ

ಕಾಗದ ಮಡಚಿ ಮತ್ತೆ ಬಿಡಿಸಿದೆ. ಮೇಲಧಿಕಾರಿಯ ಮಾತಿಗೆ ಹಾಗೆ ಮಾಡಿದೆ ಎಂದುಕೊಳ್ಳಬೇಡ. ಅವತ್ತು ನಿಮ್ಮ ಜಾಲದಲ್ಲಿ ಅಮ್ಮನ ಪುಟ ನೋಡಿದ್ದೆ. ಪುಸ್ತಕ ಹೊಲಿಯುವ ಅವಳ ಕಸುಬಿನ ಬಗ್ಗೆ ನಿಮ್ಮವರು ಧ್ವನಿಮುದ್ರಿಸಿಕೊಂಡಿದ್ದರಲ್ಲ, ನಾನು ಹಟ ಹಿಡಿದು ಮದುವೆಯಾಗಿ ಮನೆ ಬಿಟ್ಟ ವರ್ಷ, ಅದೂ ಆ ಪುಟದಲ್ಲಿದೆ. 'ಮಗಳು' ಎಂಬಲ್ಲಿ ನಿನ್ನೊಬ್ಬಳದೇ ಕೊಂಡಿ. ದಾಖಲೆ ಬರೆದವರ ತಪ್ಪಿರಬೇಕೆಂದು ಆ ಧ್ವನಿಮುದ್ರಣವನ್ನು ಕೊನೆಯವರೆಗೂ ಕೇಳಿದೆ. "ಎಷ್ಟು ಜನ ಮಕ್ಕಳಮ್ಮಾ?" ಎನ್ನುತ್ತಾರೆ. ಅಮ್ಮ "ಒಬ್ಬಳು" ಎನ್ನುತ್ತಾಳೆ. ಈಗ ಅವಳಿಲ್ಲ, ಹೋಗಿ ಕೇಳುವಂತೆಯೂ ಇಲ್ಲ. ಈ ಕೆಲವು ವಾರ ಮಾತ್ರ, ಅಮ್ಮನ ಪುಟದಿಂದ ಮಗಳನ್ನು ಹುಡುಕಿ ಹೊರಟವರಿಗೆ ನಾನೂ ಸಿಗುತ್ತಿದ್ದೆ.