ಏಳು ಗುರುವಾರದ ದುಭಾಷಿ

(ನಾಗಪುರದಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಇರುವ ಒಂದು ಆಪ್ತಸಮಾಲೋಚನಾ ಕೇಂದ್ರದ ಮುಖ್ಯಸ್ಥರಿಗೆ)

ಮಕ್ಕಳ ಮನಸ್ಸಿನ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ನಿಮ್ಮ ಕೇಂದ್ರದ ಎರಡನೇ ಮಹಡಿಯ ಕೋಣೆಯಲ್ಲಿ ಹದಿನಾಲ್ಕು ವರ್ಷದ ನನ್ನ ಮೊಮ್ಮಗಳು ಏಳು ಗುರುವಾರ ತನ್ನ ಸಂಕಟಕ್ಕೆ ತಾನೇ ದುಭಾಷಿಯಾಗಿ ಕೂತಳು. ಸಲಹೆಗಾರರು ಅವಳ ಬಗ್ಗೆ ಹಿಂದಿಯಲ್ಲಿ ಹೇಳಿದ್ದನ್ನು ಅವಳೇ ನನಗೆ ಕನ್ನಡದಲ್ಲಿ ಹೇಳಬೇಕು. ನಾನು ಕೇಳಿದ್ದನ್ನು ಅವಳೇ ಅವರಿಗೆ ಮುಟ್ಟಿಸಬೇಕು. ಇನ್ನು ಮುಂದೆ ಅವಳ ಕೈಲಿ ಇದನ್ನು ಮಾಡಿಸಲಾರೆ ಎಂದು ನಾನು ಹೇಳಿದ್ದಕ್ಕೆ ಐದು ವಾರದಿಂದ ನೀವು ಅವಳಿಗೆ ತಾರೀಕು ಕೊಟ್ಟಿಲ್ಲ. ನನ್ನ ದೂರು ಇಷ್ಟೇ. ಇದೇ ಮಾತನ್ನು ಎರಡು ಸಲ ಹಿಂದಿಯಲ್ಲಿ ಬರೆಯಿಸಿ ಕಳಿಸಿದೆ. ಮೂರನೆಯ ಸಲ ನನಗೆ ಬರುವ ಭಾಷೆಯಲ್ಲಿ, ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಗದಗಿನ ಕಡೆಯವಳು. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದೆ. ಮಗ ಅಭಿಜಿತ್ ಸೇನೆಯಲ್ಲಿದ್ದಾನೆ. ಅವನು ಗಡಿಯಲ್ಲಿ, ಅವನ ಮನೆಯವರು ನಾಗಪುರದ ಪಕ್ಕದ ಕಾಮಠಿಯ ಸೇನಾ ಕ್ವಾರ್ಟರ್ಸಿನಲ್ಲಿ. ಮನೆಯವರು ಎಂದರೆ ಆಗ ಸೊಸೆ ನಮ್ರತಾ, ಮೊಮ್ಮಗಳು ಪೂರ್ವಿ. ಎರಡು ವರ್ಷದ ಹಿಂದೆ ಡೆಂಗಿ ಜ್ವರದಲ್ಲಿ ನಮ್ರತಾ ತೀರಿಕೊಂಡಳು. ಅಂದಿನಿಂದ ಮನೆಯವರು ಎಂದರೆ ಪೂರ್ವಿ ಮತ್ತು ನಾನು. ಹಿಂದಿ ನನಗೆ ತರಕಾರಿ ಕೊಳ್ಳುವಷ್ಟು ಬರುತ್ತದೆ, ಬಸ್ಸಿನಲ್ಲಿ ಜಾಗ ಕೇಳುವಷ್ಟು ಬರುತ್ತದೆ. ಒಂದು ಹುಡುಗಿಯ ಮನಸ್ಸಿನ ಒಳಗೆ ಏನಾಗಿದೆ ಎಂದು ಮೆಲುದನಿಯಲ್ಲಿ, ಮರಾಠಿ ಬೆರೆಸಿ ಹೇಳಿದರೆ ತಿಳಿಯುವಷ್ಟು ಬರುವುದಿಲ್ಲ. ಅರವತ್ತೆಂಟನೇ ವಯಸ್ಸಿನಲ್ಲಿ ಇದೊಂದು ಅಪರಾಧವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಕಳೆದ ದೀಪಾವಳಿ ರಜೆ ಮುಗಿದ ಮೇಲೆ ಪೂರ್ವಿ ಶಾಲೆಯಲ್ಲಿ ಮಾತಾಡುವುದನ್ನು ನಿಲ್ಲಿಸಿದಳು. ಹಾಜರಿ ಕರೆದರೆ ಕೈ ಎತ್ತುವಳು, ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಮಾತು ಬೇಕಾದಷ್ಟಕ್ಕೆ ಮಾತ್ರ, ಊಟ ಕೋಳಿ ಕೆದಕಿದ ಹಾಗೆ. ಶಾಲೆಯವರೇ ನಿಮ್ಮ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು. ಕಾಮಠಿಯಿಂದ ಬಸ್ಸು ಹಿಡಿದು ಬಂದೆವು. ನಿಮ್ಮ ಗೋಡೆಯ ಮೇಲೆ ನಗುವ ಮಕ್ಕಳ ಚಿತ್ರ, ಅದರ ಕೆಳಗೆ ‘ಖುಲಕರ್ ಬೋಲೋ’ ಎಂಬ ಅಕ್ಷರ. ಮನಸ್ಸು ಬಿಚ್ಚಿ ಮಾತಾಡಿ ಎಂದರ್ಥವಂತೆ. ಅರ್ಥ ಹೇಳಿದವಳೂ ಪೂರ್ವಿಯೇ.

ಸಲಹೆಗಾರ್ತಿ ನೀಲಾ ಮೇಡಂ ಒಳ್ಳೆಯವರು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಕ್ಕಾಲು ಗಂಟೆ ಪೂರ್ವಿಯೊಬ್ಬಳೊಡನೆ ಮಾತು, ಕೊನೆಯ ಹದಿನೈದು ನಿಮಿಷ ಪಾಲಕರೊಡನೆ. ಪಾಲಕರು ಕೇಳಿ ಸಹಿ ಹಾಕದಿದ್ದರೆ ಮುಂದಿನ ತಾರೀಕು ಇಲ್ಲ. ಮೊದಲ ದಿನ ನನಗೆ ಹಿಂದಿ ಬಾರದೆಂದು ತಿಳಿದಾಗ ನಿಮ್ಮ ಗುಮಾಸ್ತರು ಪೂರ್ವಿಯ ಕಡೆ ನೋಡಿ ನಕ್ಕರು. “ಆಜೀ, ಚಿಂತಾ ನಕೋ, ಮುಲಗೀ ಆಹೇ ನಾ” ಎಂದರು. ಅಜ್ಜಿ, ಚಿಂತೆ ಬೇಡ, ಹುಡುಗಿ ಇದ್ದಾಳಲ್ಲ ಎಂದು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಮಾತೇ ಬಿಟ್ಟ ಮಗು ನನಗೋಸ್ಕರ ಎರಡು ಭಾಷೆಯಲ್ಲಿ ಮಾತಾಡುತ್ತಿದೆಯಲ್ಲ, ಇದೇ ಚಿಕಿತ್ಸೆಯಿರಬೇಕು ಎಂದುಕೊಂಡೆ.

ಆ ಕೋಣೆಯಲ್ಲಿ ನಡೆದದ್ದು ಹೀಗೆ. ನೀಲಾ ಮೇಡಂ ಎರಡು ನಿಮಿಷ ಹೇಳುವರು. ಪೂರ್ವಿ ನನ್ನ ಕಡೆ ತಿರುಗುವಳು.

“ಅಜ್ಜಿ, ಅವ್ರು ಹೇಳಾಕತ್ತಾರ, ನಂಗ...” ಎಂದು ತಡವರಿಸುವಳು.

“ನಿದ್ದಿ ಬರೋದಿಲ್ಲೇನು?” ಎನ್ನುವೆ ನಾನು.

“ಹೂಂ, ನಿದ್ದಿ. ಜಲ್ದಿ ಮಲಗಬೇಕಂತ.”

ಮೂವತ್ತನಾಲ್ಕು ವರ್ಷ ಮಾಡಿದ ಕೆಲಸದ ಚಾಳಿ, ಸ್ವಾಮಿ. ತರಗತಿಯಲ್ಲಿ ಮಗು ತಡವರಿಸಿದರೆ ನಾನು ಕಾಯುತ್ತಿರಲಿಲ್ಲ, ಉತ್ತರ ಎತ್ತಿಕೊಟ್ಟುಬಿಡುತ್ತಿದ್ದೆ. ಎಲ್ಲರೂ ನನ್ನನ್ನು ಒಳ್ಳೆಯ ಟೀಚರ್ ಎನ್ನುತ್ತಿದ್ದರು. ಇಲ್ಲೂ ಅದನ್ನೇ ಮಾಡಿದೆ. ಅವಳು ಹೇಳಲಾರದೆ ನಿಂತಲ್ಲೆಲ್ಲ ನಾನೊಂದು ಸುಲಭದ ಉತ್ತರ ಕೊಟ್ಟೆ, ಅವಳು ಅದನ್ನೇ ತೆಗೆದುಕೊಂಡಳು. ಹಾಲು ಕುಡಿಯಬೇಕಂತ, ಮೊಬೈಲ್ ಕಡಿಮೆ ನೋಡಬೇಕಂತ, ಬಣ್ಣ ಹಚ್ಚಬೇಕಂತ. ನಾನು ತಲೆಯಾಡಿಸಿ, ನನಗೆ ಬರುವ ಹಿಂದಿಯಲ್ಲಿ “ಬಹುತ್ ಅಚ್ಛಾ” ಎಂದು ನಕ್ಕು ಸಹಿ ಹಾಕುತ್ತಿದ್ದೆ.

ಎಂಟನೇ ಗುರುವಾರ ನನ್ನ ಮಂಡಿ ಊದಿಕೊಂಡಿತ್ತು. ಮೆಟ್ಟಿಲು ಹತ್ತಿಸಲು ಪಕ್ಕದ ಮನೆಯ ಚಾರುಲತಾ ಜೊತೆಗೆ ಬಂದಳು. ಮೈಸೂರಿನ ಹುಡುಗಿ, ಇಲ್ಲಿಯ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಗಂಡ ದಂಡು ಪ್ರದೇಶದಲ್ಲಿ ನೌಕರ. ನನ್ನನ್ನು ಹಿಡಿದುಕೊಂಡೇ ಒಳಗೆ ಬಂದು ಪಕ್ಕದಲ್ಲಿ ಕೂತಳು. ನೀಲಾ ಮೇಡಂ ತಡೆಯಲಿಲ್ಲ. ಅವರು ಎಂದಿನಂತೆ ಹೇಳಿದರು, ಪೂರ್ವಿ ಎಂದಿನಂತೆ ನನ್ನ ಕಡೆ ತಿರುಗಿದಳು.

“ಮುಂದಿನ ವಾರ ಹೊಸಾ ಕಲರ್ ಪೆನ್ಸಿಲ್ ತರಬೇಕಂತ ಅಜ್ಜಿ.”

ನಾನು “ಬಹುತ್ ಅಚ್ಛಾ” ಎಂದೆ. ಚಾರುಲತಾ ನನ್ನ ಕೈ ಹಿಡಿದಳು.

“ಗೌರಮ್ಮನೋರೇ, ಅವರು ಹಾಗೆ ಹೇಳ್ಲಿಲ್ಲ.”

ಪೂರ್ವಿ ಮೇಜಿನ ಮೇಲೆ ಮುಖ ಇಟ್ಟುಬಿಟ್ಟಳು. ಪೂರ್ವಿ ನನಗೆ ಬೇರೆಯೇ ಹೇಳಿದ್ದನ್ನು ಚಾರುಲತಾ ಹಿಂದಿಯಲ್ಲಿ ತಿಳಿಸಿದಾಗ ನೀಲಾ ಮೇಡಂ ಎದ್ದು ಪೂರ್ವಿಯ ಪಕ್ಕಕ್ಕೆ ಬಂದರು. ಆಮೇಲೆ ಪೂರ್ವಿಯ ಬೆನ್ನ ಮೇಲೆ ಕೈಯಿಟ್ಟು, ನಾನು ಅಜ್ಜಿಗೆ ಹೇಳಲೇ ಎಂದು ಕೇಳಿದರು. ಅವಳು ಮುಖ ಎತ್ತದೆಯೇ ಹೂಂಗುಟ್ಟಿದಳು.

ಆ ದಿನ ಚಾರುಲತಾಳ ಬಾಯಿಂದ ನನಗೆ ತಿಳಿದದ್ದು ಇದು. ಈ ಮಗು ‘ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು’ ಎನ್ನುತ್ತಿದೆ, ಒಬ್ಬಳನ್ನೇ ಬಿಡಬೇಡಿ, ಮನೆಯಲ್ಲಿರುವ ಔಷಧಿಗೆಲ್ಲ ಬೀಗ ಹಾಕಿ, ದೊಡ್ಡಾಸ್ಪತ್ರೆಯ ಮನೋವೈದ್ಯರಿಗೆ ಕೂಡಲೇ ತೋರಿಸಿ ಎಂದು ಅವರು ಐದನೇ ವಾರದಿಂದ ನನಗೆ ಹೇಳುತ್ತಲೇ ಇದ್ದರು. ಚೀಟಿಯನ್ನೂ ಕೊಟ್ಟಿದ್ದರು. ಅದು ಪೂರ್ವಿಯ ಶಾಲೆಯ ಚೀಲದಲ್ಲಿತ್ತು. ಆ ಮಾತಿಗೆ ನಾನು ನಕ್ಕು “ಬಹುತ್ ಅಚ್ಛಾ” ಎಂದಿದ್ದೆ. ನಿಮ್ಮ ಕಡತದಲ್ಲಿ ನನ್ನ ಹೆಸರಿನ ಮುಂದೆ ‘ಪಾಲಕರಿಗೆ ಕಾಳಜಿ ಕಡಿಮೆ’ ಎಂದು ಬರೆದಿದೆಯಂತೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಅವರ ಜಾಗದಲ್ಲಿದ್ದರೆ ಇನ್ನೂ ಕೆಟ್ಟದಾಗಿ ಬರೆಯುತ್ತಿದ್ದೆ.

ಅವಳ ಸಂಕಟದ ಬೇರು ಎಲ್ಲಿತ್ತು ಗೊತ್ತೇ? ನಮ್ರತಾ ಆಸ್ಪತ್ರೆಯಲ್ಲಿದ್ದಾಗ ನಾನು ಊರಿಂದ ಬಂದು ತಲುಪುವಷ್ಟರಲ್ಲಿ ನಾಲ್ಕು ದಿನವಾಗಿತ್ತು. ಮಗ ಇನ್ನೂ ದಾರಿಯಲ್ಲಿದ್ದ. ವೈದ್ಯರು ಹೊರಗೆ ಬಂದು ಹಿಂದಿ ಯಾರಿಗೆ ಬರುತ್ತದೆ ಎಂದರು. ಹನ್ನೆರಡು ವರ್ಷದ ಪೂರ್ವಿ ಎದ್ದು ನಿಂತಳು. ಅವರು ಏನೋ ಹೇಳಿ ಹೋದರು. ಅವಳು ನನ್ನ ಹತ್ತಿರ ಬಂದು, “ಮಮ್ಮಿ ಆರಾಮ ಆಗ್ತಾಳಂತ ಅಜ್ಜಿ. ನೀ ಮನಿಗೆ ಹೋಗಿ ಜಳಕಾ ಮಾಡಿ ಬರಬೇಕಂತ” ಎಂದಳು. ನಾನು ಹೋದೆ. ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮಗು ಬೆಂಚಿನ ಮೇಲೆ ಒಂಟಿಯಾಗಿ ಕೂತಿತ್ತು. ಆಸೆಯಿಲ್ಲ, ದೊಡ್ಡವರನ್ನು ಕರೆದು ಒಮ್ಮೆ ಮುಖ ತೋರಿಸು ಎಂದು ವೈದ್ಯರು ಅವಳಿಗೆ ಹೇಳಿದ್ದರೆಂಬುದು ನನಗೆ ತಿಳಿದದ್ದು ಆ ಎಂಟನೇ ಗುರುವಾರವೇ. ಆ ಮಾತು ಅವಳ ಬಾಯಿಂದ ಹೊರಡಲಿಲ್ಲ. ಹನ್ನೆರಡು ವರ್ಷದ ಯಾವ ಮಗುವಿನ ಬಾಯಿಂದ ಹೊರಡುತ್ತದೆ, ನೀವೇ ಹೇಳಿ.

ನಾನೇನು ಮಾಡಿದೆ? ಎರಡು ವರ್ಷ ಆ ವೈದ್ಯನನ್ನು ಶಪಿಸಿದೆ. ದೇವರ ದೀಪ ಹಚ್ಚುವಾಗ, ಅನ್ನಕ್ಕಿಡುವಾಗ, ಪೂರ್ವಿಯ ಜಡೆ ಹೆಣೆಯುವಾಗ, “ಆರಾಮ ಆಗ್ತಾಳಂತ ಸುಳ್ಳ ಹೇಳಿ ನನ್ನ ಸೊಸಿ ಮಾರಿ ಕಡೀಕ ನೋಡಗೊಡಲಿಲ್ಲ, ಆ ನಾಲಿಗಿ ಬಿದ್ದುಹೋಗಲಿ” ಎಂದೆ. ಕೇಳುತ್ತ ಕೂತವಳು ಒಂದು ದಿನ ಶಾಲೆಯಲ್ಲಿ ನಾಲಿಗೆಯನ್ನೇ ಬಿಟ್ಟುಬಿಟ್ಟಳು.  ನಿಮ್ಮ ಕೇಂದ್ರದ ಮೇಲೆ ದೂರು ಹೇಳುವ ಮುಂಚೆ ನನ್ನ ಮೇಲಿನ ದೂರನ್ನು ನಾನೇ ದಾಖಲಿಸುತ್ತಿದ್ದೇನೆ.

“ಹೇಳಬಾರದೇನವ್ವಾ ನನಗ?” ಎಂದು ಅಂದು ಆ ಕೋಣೆಯಲ್ಲಿ ಕೇಳಿದೆ.

“ನಿಂಗ ಬಿ.ಪಿ. ಐತಿ ಅಜ್ಜಿ. ನೀನೂ ಹೋದ್ರ?” ಎಂದಳು.

ಮಾನ್ಯರೇ, ಗಾಯ ಆದದ್ದೇ ದುಭಾಷಿ ಕೆಲಸದಿಂದ. ವಾಸಿಮಾಡಲು ಕರೆತಂದರೆ ನೀವು ಅವಳಿಗೆ ಮತ್ತೆ ಅದೇ ಕೆಲಸ ಕೊಟ್ಟಿರಿ. ಗೊತ್ತಿಲ್ಲದೆ ಕೊಟ್ಟಿರಿ, ಒಪ್ಪುತ್ತೇನೆ. ಗೊತ್ತಾದ ಮೇಲೆ ಮಾಡಿದ್ದೇನು? ಒಂಬತ್ತನೇ ಗುರುವಾರ ಚಾರುಲತಾಳನ್ನು ಬಾಗಿಲಲ್ಲೇ ತಡೆದರು. ನಮ್ಮ ಅರ್ಜಿಗೆ ನಿಮ್ಮ ಉತ್ತರ ಬಂತು. ಮಗುವಿನ ಗೌಪ್ಯತೆಯ ದೃಷ್ಟಿಯಿಂದ ಹೊರಗಿನವರಿಗೆ ಪ್ರವೇಶವಿಲ್ಲವಂತೆ, ಭಾಷೆ ಬಲ್ಲ ಕುಟುಂಬದ ಸದಸ್ಯರನ್ನು ಕರೆತರಬಹುದಂತೆ. ಹೊರಗಿನವಳನ್ನು ಒಳಗೆ ಬಿಟ್ಟದ್ದಕ್ಕೆ ನೀಲಾ ಮೇಡಂ ಅವರಿಗೆ ಕಾರಣ ಕೇಳಿ ನೋಟಿಸ್ ಬೇರೆ. ಒಂದು ಜೀವ ಉಳಿಸಿದ್ದಕ್ಕೆ ಕಾರಣ ಕೇಳುವ ಕಚೇರಿ ಇದೆಯೆಂದು ಈ ವಯಸ್ಸಿನಲ್ಲಿ ತಿಳಿಯಿತು.

ಭಾಷೆ ಬಲ್ಲ ಕುಟುಂಬದ ಸದಸ್ಯರು ನಮ್ಮಲ್ಲಿ ಇಬ್ಬರಿದ್ದಾರೆ. ಒಬ್ಬ ಗಡಿಯಲ್ಲಿ ಕಾವಲಿದ್ದಾನೆ. ವಿಷಯ ತಿಳಿದು ಹತ್ತು ದಿನ ರಜೆ ಹಾಕಿ ಓಡಿಬಂದ, ಮಗಳ ಮಂಚದ ಪಕ್ಕ ನೆಲದ ಮೇಲೆ ಮಲಗಿದ, ಹೋಗುವಾಗ ಬಾಗಿಲ ಹಿಂದೆ ನಿಂತು ಅತ್ತ. ಪ್ರತಿ ಗುರುವಾರ ಹದಿನೈದು ನಿಮಿಷಕ್ಕೆ ಅವನನ್ನು ಕಳಿಸಿಕೊಡಿ ಎಂದು ಸೇನೆಗೆ ನೀವೇ ಒಂದು ಪತ್ರ ಬರೆದರೆ ದೊಡ್ಡ ಉಪಕಾರವಾಗುತ್ತದೆ. ಇನ್ನೊಬ್ಬ ಸದಸ್ಯೆ ಪೂರ್ವಿ. ಹಾಗಾದರೆ ನಿಮ್ಮ ನಿಯಮ ಯಾರಿಂದ ಯಾರ ಗುಟ್ಟು ಕಾಯುತ್ತಿದೆ? ಪ್ರಮಾಣ ಮಾಡಿ ಬಾಯಿಗೆ ಬೀಗ ಹಾಕಿಕೊಳ್ಳಲು ಸಿದ್ಧಳಿರುವ ಶಿಕ್ಷಕಿ ಹೊರಗಿನವಳು, ತನ್ನ ಸಾವಿನ ಯೋಚನೆಯನ್ನು ತಾನೇ ಅಜ್ಜಿಗೆ ಅನುವಾದ ಮಾಡಬೇಕಾದ ಮಗು ಒಳಗಿನವಳು. ಇದಕ್ಕೆ ಗೌಪ್ಯತೆ ಎಂದು ಹೆಸರು.

ಕರ್ನಾಟಕದ ಸಲಹೆಗಾರರ ಹತ್ತಿರ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿಸಬಾರದೇ ಎಂದು ನಿಮ್ಮ ಗುಮಾಸ್ತರು ಕೇಳಿದರು. ಅದನ್ನೂ ನೋಡಿದೆವು. ಎರಡನೇ ದಿನ ಪೂರ್ವಿ ಫೋನು ನನ್ನ ಕೈಗಿಟ್ಟಳು. “ಊಟಾ ಆತೇನು ಅನ್ನೂದೆಲ್ಲಾ ಕನ್ನಡದಾಗ ಬರ್ತೈತಿ ಅಜ್ಜಿ. ಇದು ಬರೂದಿಲ್ಲ. ಇದೆಲ್ಲಾ ನಂಗ ಹಿಂದಿಯಾಗೇ ಐತಿ. ನೀಲಾ ಮೇಡಂ ಕಡೀನೇ ಹೋಗೂಣು” ಎಂದಳು. ದೊಡ್ಡಾಸ್ಪತ್ರೆಯ ವೈದ್ಯರು ಮಾತ್ರೆ ಕೊಟ್ಟಿದ್ದಾರೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಮಾತ್ರೆಯೊಂದೇ ಸಾಲದು, ಮಾತಾಡುವ ಚಿಕಿತ್ಸೆ ನಿಲ್ಲಬಾರದು ಎಂದು ಅವರೂ ಹೇಳಿದ್ದಾರೆ. ಅದು ನಿಂತು ಐದು ವಾರವಾಯಿತು. ಗುರುವಾರ ಬಂದರೆ ಈಗಲೂ ಅವಳು ತಾನಾಗಿ ತಲೆ ಬಾಚಿಕೊಂಡು, ಚಪ್ಪಲಿ ಬಾಗಿಲಿಗಿಟ್ಟು ಕೂರುತ್ತಾಳೆ. ಬಸ್ಸಿನ ಹೊತ್ತು ಮೀರಿದ ಮೇಲೆ ಎದ್ದು ಚಪ್ಪಲಿ ಒಳಗಿಡುತ್ತಾಳೆ. ನನಗೆ ಅದನ್ನು ನೋಡಲು ಆಗುವುದಿಲ್ಲ.

ನಮ್ಮೊಬ್ಬರ ಮಾತೂ ಅಲ್ಲ ಇದು. ನಿಮ್ಮ ಪಡಸಾಲೆಯಲ್ಲಿ ಬುಟಿಬೋರಿಯ ಕಾರ್ಖಾನೆಯಿಂದ ಬಂದ ಒಡಿಶಾದ ತಾಯಿಯೊಬ್ಬಳನ್ನು ಕಂಡೆ. ಪಕ್ಕದಲ್ಲಿ ಹತ್ತು ವರ್ಷದ ಮಗಳು, ತಾಯಿಯ ಪರವಾಗಿ ಫಾರಂ ತುಂಬುತ್ತ, ತನಗೇನು ತೊಂದರೆ ಎಂದು ತಾನೇ ಬರೆಯುತ್ತ ಕೂತಿದ್ದಳು. ಆ ಹುಡುಗಿ ಏನು ಬರೆದಳೋ, ಏನು ಬಿಟ್ಟಳೋ ಯಾರಿಗೆ ಗೊತ್ತು?

ಇದನ್ನೆಲ್ಲ ಪೂರ್ವಿಗೆ ಓದಿ ಹೇಳಿಯೇ ಪತ್ರಿಕೆಗೆ ಕೊಡುತ್ತಿದ್ದೇನೆ. ಎರಡು ವಾಕ್ಯ ತೆಗೆ ಎಂದಳು, ತೆಗೆದಿದ್ದೇನೆ. ಹೆಸರು ಬದಲಿಸಲೇ ಎಂದರೆ, “ಬ್ಯಾಡ, ಇರ್ಲಿ” ಎಂದಳು.

ನನ್ನ ಬೇಡಿಕೆ ದೊಡ್ಡದಲ್ಲ. ಯಾವ ಮಗುವನ್ನೂ ಅದರದೇ ಚಿಕಿತ್ಸೆಗೆ ದುಭಾಷಿ ಮಾಡಬಾರದು ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಗುಟ್ಟು ಕಾಯುವ ಪ್ರಮಾಣಕ್ಕೆ ಸಹಿ ಹಾಕಿದ ದೊಡ್ಡವರೊಬ್ಬರನ್ನು ಒಳಗೆ ಬಿಡಿ. ಕನ್ನಡ, ತೆಲುಗು, ಒಡಿಯಾ ಬಲ್ಲ ಹನ್ನೊಂದು ಜನರ ಪಟ್ಟಿಯನ್ನು ಚಾರುಲತಾ ಆಗಲೇ ನಿಮಗೆ ಕಳಿಸಿದ್ದಾಳೆ. ನೀಲಾ ಮೇಡಂ ಅವರ ನೋಟಿಸ್ ಹಿಂದಕ್ಕೆ ತೆಗೆದುಕೊಳ್ಳಿ. ಮತ್ತೆ, ಬರುವ ಗುರುವಾರ ಪೂರ್ವಿಗೆ ತಾರೀಕು ಕೊಡಿ.

ಕೊನೆಯದಾಗಿ ಒಂದು ಮಾತು. ನಿಮಗೆ ಕನ್ನಡ ಬರುವುದಿಲ್ಲ. ಇದನ್ನು ಯಾರಾದರೂ ಓದಿ ಹೇಳಬೇಕಾಗುತ್ತದೆ. ದೊಡ್ಡವರ ಕೈಲಿ ಓದಿಸಿ. ಅವರು ಸಂಕೋಚಪಟ್ಟು, ಯಾರೋ ಅಜ್ಜಿ, ಕೇಂದ್ರ ಚೆನ್ನಾಗಿ ನಡೆಯುತ್ತಿದೆ ಎಂದು ಬರೆದಿದ್ದಾರೆ ಅಂದರೆ ದಯವಿಟ್ಟು ನಕ್ಕು ತಲೆಯಾಡಿಸಬೇಡಿ. ಏಳು ಗುರುವಾರ ನಾನು ಅದನ್ನೇ ಮಾಡಿದೆ.

ಇಂತಿ,
ಮಕ್ಕಳಿಗೆ ಉತ್ತರ ಎತ್ತಿಕೊಡುವುದನ್ನು ತಡವಾಗಿ ಬಿಟ್ಟ ಟೀಚರ್,
ಪೂರ್ವಿಯ ಅಜ್ಜಿ ಗೌರಮ್ಮ
ಕಾಮಠಿ