ಮಂಚದ ಕಾಲಿಗೆ ಕಟ್ಟಿದ ಗಂಟಿ

ಆಫ್ತಾಬಾ,

ಎಬ್ಬಿಸಿದ್ರ ನಾನೂ ಬರ್ತೇನಿ ಅಂತ ಹಟಾ ಹಿಡೀತಿದ್ದಿ. ಇಬ್ಬರೂ ಹ್ವಾದರ ಮಾಲಕರ ಎಮ್ಮಿ ಹಿಂಡೋರು ಯಾರು? ಅದಕ್ಕ ಒಬ್ಬನ ಮುಗದ ಊರಿಗೆ ಹೊಂಟೇನಿ. ಅಲ್ಲಿ ಗುತ್ತಿಗಿಗೆ ಹಿಡಿಯೋ ಲಾವಣಿ ಹೊಲಾ, ನಾವು ಹೋಗಿ ಇರೋ ಮನಿ ಗಟ್ಟಿ ಆಗ್ಯಾವ. ಇವತ್ತ ನಮ್ಮ ಸ್ವಂತ ಎಮ್ಮಿ ಕೊಂಡು ಅಲ್ಲೇ ಕಟ್ಟಿ ಬರ್ತೇನಿ, ವ್ಯವಹಾರ ಕುದುರಿದ್ರ.

ಡಬ್ಬ್ಯಾಗ ರೊಟ್ಟಿ ಅದಾವ. ಶೇಂಗಾ ಚಟ್ನಿ ಪೂರಾ ಮುಗಿಸಬ್ಯಾಡ. ಕೊಟ್ಟಿಗಿ ಮೂಲಿಮೂಲಿ ತೊಳಿ.

ಕಣ್ಣಿಲೆ ಕಾಣದ ಎಮ್ಮಿಗೆ ಸುಲ್ತಾನಿ ಅಂತ ಹೆಸರಿಟ್ಟು ಓಣಿತುಂಬ ಡಂಗುರಾ ಹೊಡದೀಯಲ್ಲ, ಶಾಣ್ಯಾ! ಮಂದಿ ಆಗಲೇ ಗಿಣ್ಣ ಕೇಳಾಕತ್ತಾರ. ಮ್ಯಾಲೆ ಅದರ ಕೊರಳಗಂಟಿ ತಂದು ನಿನ್ನ ಮಂಚದ ಕಾಲಿಗೆ ಕಟ್ಟಿದಿ. ನೀ ಮಗ್ಗಲಾ ಬದಲಿಸಿದಾಗೊಮ್ಮೆ ಗಣಗಣ. ಮೊನ್ನೆ ನಾ ನಿದ್ದಿಗಣ್ಣಾಗ ಎದ್ದು ಮಂಚಕ್ಕ ಮೇವು ಹಾಕಾಕ ಹೋಗಿದ್ದೆ!

ಬಾಜೂ ಕೋಲ್ಯಾಗ ಒಬ್ಬರ ಇರೋ ತ್ರ್ಯಂಬಕ ಕಾಕಾಗ ಚಾ ಕೊಟ್ಟು ಬಾ. "ನೀವು ಹ್ವಾದಮ್ಯಾಲೆ ನನಗ ಮಾತಾಡ್ಲಿಕ್ಕೆ ಗ್ವಾಡಿನ ಗತಿ ನೋಡ್ರಪಾ" ಅಂತ ನಿನ್ನೆ ನಕ್ಕರು. ಅದು ಖರೇ ನಗಿ ಅಲ್ಲ. ಮುಗದದ ಮನ್ಯಾಗ ಎರಡು ಕೋಲಿ ಅದಾವ, ಒಂದು ನಿಮಗ್ರೀ ಅಂತ ನೀನ ಹೇಳು. ನನಗ ಅಂಥಾ ಮಾತು ಆಡಾಕ ಬರೂದಿಲ್ಲ.

ಎಮ್ಮಿ ಮಾರೋರು ಹಗ್ಗಾ, ಗಂಟಿ ಕೊಡೂದಿಲ್ಲ, ಗೊತ್ತದಲ್ಲ. ನಿನ್ನ ಮಂಚದ ಗಂಟಿ ಬಿಚ್ಚಿಕೊಂಡು ಹೊಂಟೇನಿ.

ಸಂಜೀಕ ಗಂಟಿ ನನ್ನ ಕೈಯಾಗ ಇದ್ದರ ಏನೂ ಕೇಳಬ್ಯಾಡ, ಸುಮ್ಮನ ಊಟಕ್ಕ ಹಾಕು. ಬರಿಗೈಲೆ ಬಂದರ ಹಾಸಿಗಿ ಕಟ್ಟು. ಕಾಕಾಂದೂ ಕಟ್ಟು.

ನಿನ್ನ ಭಾಯಿ,
ಕಮರುದ್ದೀನ