ಬಿಳಿ ಕೆಸರು

ಜನವರಿ 11, ಭಾನುವಾರ
ಮತ್ತೆ ನದಿಗೆ. ವಡೋದರಾದಿಂದ ಬೆಳಗಿನ ಬಸ್. ಗಣಿಯವರು ಕಲ್ಲು ತೊಳೆದ ನೀರನ್ನು ಪಂಪ್ ಹಚ್ಚಿ, ಪೈಪಿನಲ್ಲಿ ನೇರ ನದಿಗೇ ಬಿಡುತ್ತಾರೆ. ಹಿಟ್ಟಿನಂಥ ಬಿಳಿ ಕೆಸರು, ಮರಳಿನ ಮೇಲೆ ಕೂತು ಗಟ್ಟಿಯಾಗುತ್ತದೆ. ಊರಿನವರು ಕುಡಿಯಲು ತೋಡುವ ವರತೆಯಲ್ಲಿ ನೀರು ಒಸರುವುದೇ ಇಲ್ಲ. ಊರಿನ ಹೆಂಗಸರು ಕೆಸರು ಕೆರೆದರು, ಸಿಟಿಯಿಂದ ಹೋದ ನಾವು ಬುಟ್ಟಿ ಹೊತ್ತೆವು. ಸಂಜೆಗೆ ಒಂದು ವರತೆಯಲ್ಲಿ ತಿಳಿನೀರು! ಎಲ್ಲರನ್ನೂ ಸೇರಿಸಿದ ಊರಿನ ಅಕ್ಕ ಕಮಳಿಬೆನ್ ಮೊದಲ ಲೋಟ ನನಗೇ ಕೊಟ್ಟಳು. ಸಿಹಿ.

ಜನವರಿ 18
ಗಣಿ ಮ್ಯಾನೇಜರ್ ಬಂದ. ಹಂಚಲು ಟೀ ಶರ್ಟ್, 'ನದಿ ಸ್ವಚ್ಛತೆ' ಬ್ಯಾನರ್, ಫೋಟೋಗ್ರಾಫರ್ ಸಮೇತ. ನನ್ನ ಕೈಯ ಸಲಿಕೆ ಕಿತ್ತುಕೊಂಡು ಪೋಸ್ ಕೊಟ್ಟ.
"ಪೈಪ್ ಯಾವಾಗ ನಿಲ್ಲಿಸ್ತೀರಿ?" ಕಮಳಿಬೆನ್ ಕೇಳಿದಳು.
"ಮೊದಲು ಫೋಟೋ, ಬೆನ್."
ಆ ಸಲಿಕೆಯಲ್ಲೇ ಅವನ ತಲೆಗೆ... ಬೇಡ.

ಜನವರಿ 19
ಕಮಳಿಬೆನ್ ಫೋನ್. ಬೆಳಿಗ್ಗೆ ಮತ್ತೆ ಕೆಸರು ಬಿಟ್ಟರಂತೆ. ವರತೆ ಮುಚ್ಚಿಹೋಯಿತು. ಥೂ.

ಜನವರಿ 27
ಮೊನ್ನೆ ಭಾನುವಾರ ಪೈಪಿನ ಬಾಯಿಗೆ ಅದೇ ಕೆಸರು, ಕಲ್ಲು, ಅವರು ಹಂಚಿದ ಟೀ ಶರ್ಟುಗಳು—ಎಲ್ಲ ತುರುಕಿ ಬಂದೆವು. ಪಂಪ್ ನಿಂತಿದೆ. ಇವತ್ತು ಗಣಿಯಿಂದ ಆಫೀಸಿಗೆ ದೂರು ಬಂದಾಗ ಗೊತ್ತಾಯಿತು, ಅದು ವಡೋದರಾ ಮಕರಪುರದ ನಮ್ಮದೇ ಕಂಪನಿಯ ಪಂಪ್. ಸರ್ವಿಸ್ ಇಂಜಿನಿಯರ್ ನಾನು! ನಗು ಬಂತು. ಆಮೇಲೆ ಮೈಯೆಲ್ಲ ಉರಿ.
ಬಾಸ್ ಪಾಂಡುರಂಗ ಸರ್ ಬಾಗಲಕೋಟೆಯವರು. ರೇಗಿದಾಗ ಮಾತ್ರ ನನ್ನ ಹತ್ತಿರ ಕನ್ನಡ.
"ನಾಳೆ ಮುಂಜಾನೆ ಹೋಗಿ ಚಾಲೂ ಮಾಡಿ ಬಾ."
"ಸರ್, ಅದು ನದಿಗೆ ಕೆಸರು ಬಿಡೋ ಪಂಪ್."
"ನೀ ಪಂಪ್ ನೋಡವ್ವಾ. ನದಿ ನೋಡಾಕ ಬ್ಯಾರೆಯವರು ಅದಾರ."
"ಯಾರು ಸರ್?"
ಸರ್ ಜಾಬ್ ಶೀಟ್ ನನ್ನ ಕಡೆ ತಳ್ಳಿದರು.

ಜನವರಿ 28, ಮಧ್ಯಾಹ್ನ
ಪಂಪ್ ಬಿಚ್ಚಿ ನೋಡಿದೆ. ಸುಟ್ಟಿಲ್ಲ. ಸ್ವಲ್ಪ ಹೊತ್ತಿನ ಕೆಲಸ. ಬೇಲಿಯಾಚೆ ನಿಂತ ಹೆಂಗಸರು ನನ್ನ ಯೂನಿಫಾರ್ಮ್ ನೋಡಿ ಮುಖ ತಿರುಗಿಸಿದರು. ಕಮಳಿಬೆನ್ ಒಬ್ಬಳೇ ಬೇಲಿಯ ಹತ್ತಿರ ಬಂದಳು: "ನೀನೂ ಅವರ ಕಡೆಯಾ?"
ಅಲ್ಲೇ ನಿಂತು ಸರ್‌ಗೆ ಫೋನ್ ಮಾಡಿದೆ.
"ರಿಪೇರಿ ಮಾಡಲ್ಲ ಸರ್. ಕೆಸರಿಗೆ ಬೇರೆ ಹೊಂಡ ತೋಡಿಸಲಿ, ಆಮೇಲೆ ಕರೀಲಿ."
"ನೌಕರಿ ಹೊಕ್ಕೈತಿ, ಗೊತ್ತೈತಿಲ್ಲ?"
"ಹೋಗಲಿ."
ಮ್ಯಾನೇಜರ್ ಗೇಟಿಗೆ ಬೀಗ ಹಾಕಿಸಿದ್ದಾನೆ. ಪಂಪ್ ಓಡುವವರೆಗೆ ಹೊರಗೆ ಬಿಡುವುದಿಲ್ಲವಂತೆ. ಬಿಡದಿರಲಿ. ಕಮಳಿಬೆನ್‌ಗೆ ಬೇಲಿಯಿಂದಲೇ ಎಲ್ಲ ಹೇಳಿದೆ, ಅವಳು ಊರಿನ ಕಡೆ ಓಡಿದಳು. ಟೂಲ್ ಬಾಕ್ಸ್ ಮೇಲೆ ಕೂತು ಬರೆಯುತ್ತಿದ್ದೇನೆ. ಸ್ಪ್ಯಾನರ್ ಮುಟ್ಟುವುದಿಲ್ಲ.
ಹೊರಗೆ ಗಲಾಟೆ. ಊರಿಗೆ ಊರೇ ಬಂದ ಹಾಗಿದೆ. ಬೇಲಿಯ ತಂತಿ ಅಲುಗಾಡುತ್ತಿದೆ. "ಪ್ರಾರ್ಥನಾ!"—ಕಮಳಿಬೆನ್ ನನ್ನನ್ನು ಕೂಗುತ್ತಿದ್ದಾಳೆ. ಬಂದೆ ಬೆನ್, ಬಂ